ಮೊಬೈಲ್‌ನಲ್ಲಿ ಹಾಡು ನಡುನಡುವೆ ನಿಲ್ಲುತ್ತಿದೆಯೇ? ಆಪ್ ಅಳಿಸುವ ಮೊದಲು ಇಷ್ಟು ನೋಡಿ

"ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಾಡು ನಿಂತುಹೋಗುತ್ತದೆ." "ಚಂದಾ ಕಟ್ಟಿದ ಮೇಲೂ ವೃತ್ತ ಸುತ್ತುತ್ತಲೇ ಇರುತ್ತದೆ." "ತಬಲಾ ಕೇಳಿಸುತ್ತದೆ, ಹಾಡುವವರ ದನಿಯೇ ಇಲ್ಲ." ಓದುಗರಿಂದ ಪದೇ ಪದೇ ಬರುವ ದೂರುಗಳಿವು. ಬಳಸುವ ಆಪ್ ಬೇರೆ ಬೇರೆ: ಸ್ಪಾಟಿಫೈ, ಜಿಯೋಸಾವನ್, ಗಾನಾ, ಯೂಟ್ಯೂಬ್ ಮ್ಯೂಸಿಕ್, ಆಪಲ್ ಮ್ಯೂಸಿಕ್. ಆದರೆ ಎಲ್ಲರಿಗೂ ಸಿಕ್ಕಿರುವ ಸಲಹೆ ಒಂದೇ: "ಆಪ್ ಡಿಲೀಟ್ ಮಾಡಿ ಮತ್ತೆ ಹಾಕಿಕೊಳ್ಳಿ."

ಈ ಸಲಹೆಯಿಂದ ಆಗುವ ನಷ್ಟವೇ ಹೆಚ್ಚು. ಆಪ್ ಅಳಿಸಿದೊಡನೆ ಡೌನ್‌ಲೋಡ್ ಮಾಡಿಟ್ಟ ನೂರಾರು ಹಾಡುಗಳು ಹೋಗುತ್ತವೆ. ಮರಳಿ ಒಳಹೋಗಲು ಪಾಸ್‌ವರ್ಡ್ ಬೇಕಾಗುತ್ತದೆ, ಅದು ನೆನಪಿರುವುದಿಲ್ಲ. ಇಷ್ಟೆಲ್ಲ ಮಾಡಿದರೂ ತೊಡಕು ಆಪ್‌ನಲ್ಲಿ ಇರದೆ ಫೋನಿನ ಬ್ಯಾಟರಿ ವ್ಯವಸ್ಥೆಯಲ್ಲೋ ಇಯರ್‌ಫೋನಿನ ತಂತಿಯಲ್ಲೋ ಇದ್ದರೆ ಹಾಡು ಮೊದಲಿನಂತೆಯೇ ನಿಲ್ಲುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಒಂದು ಉದ್ದೇಶದಿಂದಲೇ ಜೋಡಿಸಿದ್ದೇನೆ. ಏನನ್ನೂ ಕಳೆದುಕೊಳ್ಳದೆ ಮಾಡಬಹುದಾದವು ಮೊದಲು, ಹಿಂದಕ್ಕೆ ಪಡೆಯಲಾಗದವು ಕೊನೆಗೆ. ನಡುವೆ ಎಲ್ಲಿ ಸರಿಹೋಯಿತೋ ಅಲ್ಲಿಗೆ ನಿಲ್ಲಿಸಿ, ಮುಂದಿನದನ್ನು ಮಾಡಬೇಕಾಗಿಲ್ಲ.

ಕೈಯಲ್ಲಿ ಇರಬೇಕಾದವು

ಕಾಲು ಭಾಗಕ್ಕಿಂತ ಹೆಚ್ಚು ಚಾರ್ಜ್ ಇರುವ ಫೋನ್. ನಿಮ್ಮದಲ್ಲದ ಇನ್ನೊಂದು ಇಯರ್‌ಫೋನ್. ಮನೆಯ ವೈಫೈ ಅಥವಾ ಪಕ್ಕದವರ ಹಾಟ್‌ಸ್ಪಾಟ್. ಹಾಡಿನ ಆಪ್‌ಗೆ ನೀವು ಕೊಟ್ಟಿರುವ ಮೊಬೈಲ್ ಸಂಖ್ಯೆ ಅಥವಾ ಇಮೇಲ್ ಯಾವುದು ಎಂಬ ಖಚಿತ ನೆನಪು. ಈ ಕೊನೆಯದನ್ನು ಈಗಲೇ ಆಪ್‌ನ ಖಾತೆ ಪುಟ ತೆರೆದು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಹಳೆಯ ಸಿಮ್‌ನ ಸಂಖ್ಯೆ ಕೊಟ್ಟು ಖಾತೆ ತೆರೆದವರು, ಆ ಸಿಮ್ ಈಗ ಇಲ್ಲದಿದ್ದರೆ, ಒಮ್ಮೆ ಹೊರಬಂದ ಮೇಲೆ ಒಟಿಪಿ ಬಾರದೆ ಒದ್ದಾಡಬೇಕಾಗುತ್ತದೆ.

ಇನ್ನೊಂದು ಮಾತು. ವಿಂಕ್ ಮ್ಯೂಸಿಕ್ ಮತ್ತು ರೆಸ್ಸೊ ಎರಡೂ ನಮ್ಮ ದೇಶದಲ್ಲಿ 2024ರಲ್ಲಿ ಬಾಗಿಲು ಹಾಕಿದವು. ಮನೆಯ ಹಿರಿಯರ ಫೋನಿನಲ್ಲಿ ಆ ಚಿಹ್ನೆ ಇನ್ನೂ ಉಳಿದಿದ್ದರೆ ಯಾವ ರಿಪೇರಿಯೂ ಫಲಿಸದು. ಬೇರೆ ಆಪ್ ಹಾಕಿಕೊಡಿ.

ಹಂತ 1: ಹಾಡು ಹೇಗೆ ನಿಲ್ಲುತ್ತದೆ ಎಂದು ಗಮನಿಸಿ

ಹೆಚ್ಚಿನವರು ಈ ಹಂತವನ್ನೇ ಬಿಟ್ಟು ನೇರವಾಗಿ ಸೆಟ್ಟಿಂಗ್ಸ್‌ಗೆ ಹೋಗುತ್ತಾರೆ. ಎರಡು ನಿಮಿಷ ಸುಮ್ಮನೆ ಪರದೆ ನೋಡುತ್ತ ಕೇಳಿ. ನಿಲ್ಲುವ ರೀತಿಯೇ ಕಾರಣವನ್ನು ಹೇಳಿಬಿಡುತ್ತದೆ.

ಸ್ಟ್ರೀಮಿಂಗ್ ಎಂದರೆ ಹಾಡು ಇಡಿಯಾಗಿ ನಿಮ್ಮ ಫೋನಿನಲ್ಲಿ ಇರುವುದಿಲ್ಲ. ತುಣುಕು ತುಣುಕಾಗಿ ಬರುತ್ತಿರುತ್ತದೆ. ಆಪ್ ಮುಂದಿನ ಒಂದಷ್ಟು ತುಣುಕುಗಳನ್ನು ಮೊದಲೇ ತರಿಸಿಟ್ಟುಕೊಂಡು ಅವುಗಳಿಂದ ನುಡಿಸುತ್ತದೆ. ಈ ಮುಂಗಡ ಸಂಗ್ರಹಕ್ಕೆ ಬಫರ್ ಎಂದು ಹೆಸರು. ಸಂಗ್ರಹ ಬರಿದಾದಾಗ ಹಾಡು ನಿಲ್ಲುತ್ತದೆ, ವೃತ್ತ ಸುತ್ತತೊಡಗುತ್ತದೆ, ಹಾಡಿನ ಕೆಳಗಿನ ಗೆರೆ ಮುಂದೆ ಸಾಗುವುದಿಲ್ಲ. ಹೀಗಾದರೆ ದೋಷ ನೆಟ್‌ನದು. ಹಂತ 3ಕ್ಕೆ ಹೋಗಿ.

ಪರದೆ ಬೆಳಗಿರುವಷ್ಟು ಹೊತ್ತು ಸರಿಯಾಗಿ ಹಾಡಿ, ಫೋನ್ ಜೇಬಿಗೆ ಹಾಕಿದ ಕೆಲವು ನಿಮಿಷಕ್ಕೆ ನಿಂತರೆ ಅದು ಬ್ಯಾಟರಿ ಉಳಿತಾಯದ ಕೆಲಸ, ಹಂತ 4.

ಗೆರೆ ಸರಾಗವಾಗಿ ಸಾಗುತ್ತಿದೆ, ಆದರೆ ದನಿ ಮಾತ್ರ ಕತ್ತರಿಸಿ ಕತ್ತರಿಸಿ ಬರುತ್ತಿದೆ ಅಥವಾ ಬರುವುದೇ ಇಲ್ಲ ಎಂದಾದರೆ ಹಾಡು ಫೋನಿನವರೆಗೆ ಬಂದಿದೆ, ನಿಮ್ಮ ಕಿವಿಗೆ ತಲುಪುತ್ತಿಲ್ಲ. ನೆಟ್‌ನ ಗೋಜಿಗೆ ಹೋಗಬೇಡಿ; ಹಂತ 5.

ಆಪ್ ತೆರೆಯುತ್ತಿದ್ದಂತೆ ಮುಚ್ಚಿಕೊಂಡರೆ, ಅಥವಾ ಮೊದಲು ಚೆನ್ನಾಗಿ ನುಡಿಯುತ್ತಿದ್ದ ಹಾಡು ಪ್ರತಿ ಸಲವೂ ಅದೇ ಜಾಗದಲ್ಲಿ ಸಿಕ್ಕಿಕೊಂಡರೆ ಹಂತ 6. ಹಾಡಿನ ಹೆಸರು ಬೂದು ಬಣ್ಣಕ್ಕೆ ತಿರುಗಿದ್ದರೆ, ಡೌನ್‌ಲೋಡ್‌ಗಳು ತಾವಾಗಿ ಮಾಯವಾಗಿದ್ದರೆ ಹಂತ 7.

ಹಂತ 2: ಮೂರು ಅದಲುಬದಲು

ಮೊದಲು ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ವಾರಗಟ್ಟಲೆ ಆರದೆ ನಡೆದ ಫೋನಿನಲ್ಲಿ ಸಿಕ್ಕಿಹಾಕಿಕೊಂಡ ಎಷ್ಟೋ ಸಣ್ಣ ತೊಡಕುಗಳು ಇಷ್ಟಕ್ಕೇ ಬಿಡಿಸಿಕೊಳ್ಳುತ್ತವೆ. ಆಮೇಲೆ ಈ ಮೂರನ್ನು ಮಾಡಿ, ಒಂದಾದ ಮೇಲೆ ಒಂದು.

ಅದೇ ಇಯರ್‌ಫೋನಿನಲ್ಲಿ, ಫೋನಿನಲ್ಲಿಯೇ ಇರುವ ಧ್ವನಿಯನ್ನು ಕೇಳಿ: ನೀವೇ ಮಾಡಿದ ರೆಕಾರ್ಡಿಂಗ್ ಆಗಬಹುದು, ಗ್ಯಾಲರಿಯ ವಿಡಿಯೊ ಆಗಬಹುದು. ಅದೂ ಕೆಟ್ಟದಾಗಿ ಕೇಳಿದರೆ ಹಾಡಿನ ಆಪ್ ನಿರಪರಾಧಿ. ಎರಡನೆಯದಾಗಿ, ಮೊಬೈಲ್ ಡೇಟಾದಲ್ಲಿದ್ದರೆ ವೈಫೈಗೆ, ವೈಫೈಯಲ್ಲಿದ್ದರೆ ಮೊಬೈಲ್ ಡೇಟಾಗೆ ಬದಲಿಸಿ ಅದೇ ಹಾಡು ಹಾಕಿ. ಮೂರನೆಯದಾಗಿ, ಬೇರೊಂದು ಹಾಡಿನ ಆಪ್‌ನಲ್ಲಿ ಕೇಳಿ. ಅಲ್ಲಿ ಸರಿಯಿದ್ದರೆ ತೊಡಕು ಮೊದಲಿನ ಆಪ್‌ನದು ಅಥವಾ ನಿಮ್ಮ ಖಾತೆಯದು.

ಎಚ್ಚರಿಕೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ವೈಫೈ, ಇಯರ್‌ಫೋನ್, ಆಪ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಹಾಡು ಸರಿಹೋಗಬಹುದು, ಆದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ನಾಳೆ ಮತ್ತೆ ಕೆಟ್ಟಾಗ ಮೊದಲಿನಿಂದ ಹುಡುಕಬೇಕು.

ಹಂತ 3: ನೆಟ್ ಇದೆಯೇ, ಸಾಕಾಗುವಷ್ಟು ಇದೆಯೇ?

ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದೂ ಹಾಡು ನಿಲ್ಲುವುದಕ್ಕೆ ನಮ್ಮಲ್ಲಿ ಸಾಮಾನ್ಯವಾದ ಕಾರಣ ದಿನದ ಡೇಟಾ ಮುಗಿದಿರುವುದು. ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ ಎಂಬ ಪ್ರೀಪೇಯ್ಡ್ ಯೋಜನೆಗಳಲ್ಲಿ ಮಿತಿ ಮುಗಿದ ಮೇಲೆ ನೆಟ್ ಪೂರ್ತಿ ಕಡಿಯುವುದಿಲ್ಲ. ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಕೆಬಿಪಿಎಸ್ ಎಂದರೆ ಒಂದು ಸೆಕೆಂಡಿನಲ್ಲಿ ಎಷ್ಟು ಸಾವಿರ ಬಿಟ್ ಮಾಹಿತಿ ಹರಿಯುತ್ತದೆ ಎಂಬ ಅಳತೆ. ವಾಟ್ಸ್‌ಆ್ಯಪ್ ಸಂದೇಶ ಆಗಲೂ ಹೋಗುವುದರಿಂದ ನೆಟ್ ಇದೆ ಎಂದೇ ನಾವು ನಂಬುತ್ತೇವೆ.

ಈಗ ಹಾಡಿನ ಲೆಕ್ಕ ನೋಡಿ. ಸ್ಪಾಟಿಫೈಯಲ್ಲಿ ಧ್ವನಿಯ ಗುಣಮಟ್ಟ 'ಲೋ' ಎಂದಿದ್ದರೆ ಸುಮಾರು 24 ಕೆಬಿಪಿಎಸ್ ಬೇಕು, 'ನಾರ್ಮಲ್' 96, 'ಹೈ' 160, ಚಂದಾದಾರರಿಗೆ ಮಾತ್ರ ಸಿಗುವ 'ವೆರಿ ಹೈ' 320. ಬರುತ್ತಿರುವುದು 64, ಬೇಕಾದದ್ದು 96 ಎಂದಾಗ ಬಫರ್ ಬರಿದಾಗಲೇಬೇಕು, ಹಾಡು ನಿಲ್ಲಲೇಬೇಕು. ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾದ ಗುಣಮಟ್ಟವನ್ನು 'ಲೋ'ಗೆ ಇಳಿಸಿದರೆ, ಬೇರೆ ಆಪ್‌ಗಳು ಹಿಂದಿನಿಂದ ನೆಟ್ ಎಳೆಯದಿದ್ದ ಪಕ್ಷದಲ್ಲಿ, ಅದೇ 64ರಲ್ಲಿ ಹಾಡು ನಡೆದುಹೋಗುತ್ತದೆ. ದನಿ ತುಸು ಮಂಕಾಗುತ್ತದೆ, ಶುರುವಾಗಲು ತಡವಾಗುತ್ತದೆ. ರಾತ್ರಿ ಹನ್ನೆರಡರ ನಂತರ ಹೊಸ ದಿನದ ಡೇಟಾ ಬರುವವರೆಗೆ ಇದು ಸಾಕು.

ಹಾಗೆಯೇ ಖರ್ಚಿನ ಅಂದಾಜೂ ಇರಲಿ. 96ರಲ್ಲಿ ಒಂದು ಗಂಟೆ ಕೇಳಿದರೆ ಸುಮಾರು 43 ಎಂಬಿ, 160ರಲ್ಲಿ 72 ಎಂಬಿ, 320ರಲ್ಲಿ 144 ಎಂಬಿ. ಹಾಡು ಕೇಳುವುದರಿಂದಲೇ ದಿನದ ಒಂದೂವರೆ ಜಿಬಿ ಮುಗಿಯುವುದು ಅಪರೂಪ. ಅದನ್ನು ತಿನ್ನುವುದು ವಿಡಿಯೊ. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಹಾಡಿನ ಬದಲು ವಿಡಿಯೊ ಓಡುತ್ತಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಆಪಲ್ ಮ್ಯೂಸಿಕ್ ಬಳಸುವವರು 'ಲಾಸ್‌ಲೆಸ್' ಆಯ್ಕೆಯನ್ನು ಮೊಬೈಲ್ ಡೇಟಾಗೆ ಆಫ್ ಮಾಡಿ. ಲಾಸ್‌ಲೆಸ್ ಎಂದರೆ ಮೂಲ ಧ್ವನಿಮುದ್ರಣದ ಒಂದಂಶವನ್ನೂ ಕಳೆಯದ ದೊಡ್ಡ ಕಡತ. ಏರ್‌ಪಾಡ್ಸ್‌ನಂಥ ಬ್ಲೂಟೂತ್ ಇಯರ್‌ಬಡ್‌ಗಳಿಗೆ ಅದು ಹೇಗೂ ಕುಗ್ಗಿಯೇ ತಲುಪುತ್ತದೆ. ಡೇಟಾ ಹೋಯಿತು, ಲಾಭವೂ ಇಲ್ಲ.

ಡೇಟಾ ಉಳಿದಿದ್ದರೂ ಹಾಡು ನಿಲ್ಲುತ್ತಿದ್ದರೆ ಮುಂದಿನವನ್ನು ಪರಿಶೀಲಿಸಿ. ಆಂಡ್ರಾಯ್ಡ್‌ನಲ್ಲಿ 'ಡೇಟಾ ಸೇವರ್', ಐಫೋನ್‌ನಲ್ಲಿ 'ಲೋ ಡೇಟಾ ಮೋಡ್' ಆನ್ ಆಗಿದ್ದರೆ ಆರಿಸಿ. ಐಫೋನ್‌ನ ಮೊಬೈಲ್ ಡೇಟಾ ಪುಟದಲ್ಲಿ ಕೆಳಗೆ ಸರಿದರೆ ಎಲ್ಲ ಆಪ್‌ಗಳ ಪಟ್ಟಿ ಇರುತ್ತದೆ. ಹಾಡಿನ ಆಪ್‌ನ ಮುಂದಿನ ಗುಂಡಿ ಹಸಿರಾಗಿರಬೇಕು. ಎರಡು ಸಿಮ್ ಇರುವವರು ಡೇಟಾ ಯಾವ ಸಿಮ್‌ನಿಂದ ಹೋಗುತ್ತಿದೆ ಎಂದು ನೋಡಿ. ರೀಚಾರ್ಜ್ ಒಂದಕ್ಕೆ, ಡೇಟಾ ಇನ್ನೊಂದಕ್ಕೆ ಎಂಬ ಸ್ಥಿತಿ ತೀರ ಸಾಮಾನ್ಯ. ನಿಮ್ಮ ಊರಿನಲ್ಲಿ 5ಜಿ ಬಂದು ಹೋಗಿ ಮಾಡುತ್ತಿದ್ದರೆ, ಫೋನ್ 4ಜಿಗೂ 5ಜಿಗೂ ನಡುವೆ ಅತ್ತಿತ್ತ ಜಿಗಿಯುವಾಗಲೂ ಹಾಡು ತಡವರಿಸುತ್ತದೆ. ಕೆಲವು ದಿನ 4ಜಿಗೇ ನಿಲ್ಲಿಸಿ ನೋಡಿ.

ವಿಪಿಎನ್, ಅಂದರೆ ನಿಮ್ಮ ನೆಟ್ಟನ್ನು ಬೇರೊಂದು ಊರಿನ ದಾರಿಯಿಂದ ಸುತ್ತಿಸಿ ತರುವ ಆಪ್ ಹಾಕಿಕೊಂಡಿದ್ದರೆ ಅದನ್ನು ಆಫ್ ಮಾಡಿ. ಜಾಹೀರಾತು ತಡೆಯಲೆಂದು 'ಪ್ರೈವೇಟ್ ಡಿಎನ್‌ಎಸ್' ಜಾಗದಲ್ಲಿ ಏನನ್ನಾದರೂ ಬರೆದಿದ್ದರೆ ಅದನ್ನು 'ಆಟೊಮ್ಯಾಟಿಕ್'ಗೆ ಮರಳಿಸಿ. ಡಿಎನ್‌ಎಸ್ ಎಂದರೆ ಆಪ್ ಹೋಗಬೇಕಾದ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆ. ಜಾಹೀರಾತನ್ನು ತಡೆಯುವ ಡಿಎನ್‌ಎಸ್ ಕೆಲವೊಮ್ಮೆ ಹಾಡು ಬರುವ ವಿಳಾಸವನ್ನೂ ತಡೆದುಬಿಡುತ್ತದೆ.

ರೈಲು ನಿಲ್ದಾಣ, ಹೋಟೆಲುಗಳ ವೈಫೈಯಲ್ಲಿ ಸಂಪರ್ಕವಾಗಿದೆ ಎಂದು ಫೋನ್ ತೋರಿಸುತ್ತದೆ, ಆದರೆ ಹಾಡು ಬರುವುದಿಲ್ಲ. ಅಲ್ಲಿ ಮೊಬೈಲ್ ಸಂಖ್ಯೆ ಕೊಟ್ಟು ಒಟಿಪಿ ತುಂಬುವ ಪುಟ ಒಂದಿರುತ್ತದೆ. ಬ್ರೌಸರ್ ತೆರೆದರೆ ಅದು ಕಾಣಿಸಿಕೊಳ್ಳುತ್ತದೆ.

ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಪಯಣಿಸುವಾಗ ಹಾಡು ನಿಂತರೆ ಫೋನಿನದ್ದಾಗಲಿ ಆಪ್‌ನದ್ದಾಗಲಿ ತಪ್ಪಿಲ್ಲ. ಕಾಡಿನ ನಡುವೆ ಸಿಗ್ನಲ್ ಇರುವುದಿಲ್ಲ. ಹೊರಡುವ ಹಿಂದಿನ ರಾತ್ರಿಯೇ ವೈಫೈಯಲ್ಲಿ ಡೌನ್‌ಲೋಡ್ ಮಾಡಿಕೊಳ್ಳಿ, ಮಾಡಿಕೊಂಡ ಮೇಲೆ ಏರೋಪ್ಲೇನ್ ಮೋಡ್ ಹಾಕಿ ಒಂದೆರಡು ಹಾಡು ನಿಜವಾಗಿ ನುಡಿಯುತ್ತವೆಯೇ ಎಂದು ಪರೀಕ್ಷಿಸಿ. ಪಟ್ಟಿಗೆ ಸೇರಿಸುವುದನ್ನೇ ಡೌನ್‌ಲೋಡ್ ಎಂದುಕೊಂಡು ಹೊರಟವರಿಗೆ ಸಕಲೇಶಪುರ ದಾಟಿದ ಮೇಲೆ ಹಾಡಿಲ್ಲ. ಹೃದಯದ ಚಿಹ್ನೆ ಒತ್ತಿದರೆ ಹಾಡು ಮೆಚ್ಚಿನ ಪಟ್ಟಿಗೆ ಹೋಗುತ್ತದೆ ಅಷ್ಟೇ. ಕೆಳಮುಖ ಬಾಣದ ಗುರುತು ಬಣ್ಣ ಬದಲಿಸಿದಾಗ ಮಾತ್ರ ಅದು ಫೋನಿಗೆ ಇಳಿದಿದೆ ಎಂದರ್ಥ.

ಹಂತ 4: ಪರದೆ ಆರಿದಾಗ ಹಾಡೂ ಆರಿದರೆ

ಇದು ಬಹುಪಾಲು ಆಂಡ್ರಾಯ್ಡ್ ಬಳಕೆದಾರರ ತೊಂದರೆ. ಪರದೆ ಆರಿ ಫೋನ್ ಅಲುಗಾಡದೆ ಬಿದ್ದಿದ್ದಾಗ ಹಿಂಬದಿಯ ಆಪ್‌ಗಳನ್ನು ಮಲಗಿಸುವ ಏರ್ಪಾಡು 2015ರ ಆಂಡ್ರಾಯ್ಡ್ 6ರಿಂದಲೇ ಇದೆ. ಹಾಡು ನುಡಿಸುತ್ತಿರುವ ಆಪ್ ಅನ್ನು ಅದು ಎಬ್ಬಿಸಿಯೇ ಇಡಬೇಕು. ಆದರೆ ಬ್ಯಾಟರಿ ಹೆಚ್ಚು ಬಾಳಿಕೆ ಬರಲಿ ಎಂದು ಫೋನ್ ತಯಾರಕರು ಅದರ ಮೇಲೆ ತಮ್ಮದೇ ಬಿಗಿ ನಿಯಮಗಳನ್ನು ಹೇರಿದ್ದಾರೆ. ಅವು ಹಾಡಿನ ಆಪ್‌ನ ಕತ್ತನ್ನೂ ಹಿಸುಕುತ್ತವೆ.

ಮಾಡಬೇಕಾದದ್ದು ಇಷ್ಟು. ಹಾಡಿನ ಆಪ್‌ನ ಚಿಹ್ನೆಯ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಮೇಲೇಳುವ ಸಣ್ಣ ಪಟ್ಟಿಯಲ್ಲಿ 'ಆಪ್ ಇನ್ಫೊ' ಅಥವಾ ವೃತ್ತದೊಳಗಿನ ಐ ಅಕ್ಷರ ಒತ್ತಿ. ತೆರೆದ ಪುಟದಲ್ಲಿ 'ಬ್ಯಾಟರಿ' ಎಂಬುದಕ್ಕೆ ಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಆಯ್ಕೆ ಮಾಡಿ. ಹಿಂಬದಿಯಲ್ಲಿ ಎಷ್ಟು ಹೊತ್ತಾದರೂ ಓಡಲು ಬಿಡು ಎಂದು ಇದರರ್ಥ.

ಕೆಲವು ಕಂಪನಿಗಳ ಫೋನಿನಲ್ಲಿ ಇದರ ಜೊತೆಗೆ ಇನ್ನೊಂದು ಬೀಗ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ ಪುಟದ 'ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್' ತೆರೆದು, ನಿಮ್ಮ ಆಪ್ 'ಸ್ಲೀಪಿಂಗ್' ಅಥವಾ 'ಡೀಪ್ ಸ್ಲೀಪಿಂಗ್' ಪಟ್ಟಿಯಲ್ಲಿದ್ದರೆ ತೆಗೆಯಿರಿ; ಎಂದೂ ಮಲಗಿಸಬಾರದ ಆಪ್‌ಗಳ ಪಟ್ಟಿಗೆ ಸೇರಿಸಿ. ಶಿಯೋಮಿ, ರೆಡ್‌ಮಿ, ಪೋಕೊ ಫೋನ್‌ಗಳಲ್ಲಿ ಬ್ಯಾಟರಿ ಸೇವರ್‌ನಲ್ಲಿ 'ನೋ ರಿಸ್ಟ್ರಿಕ್ಷನ್ಸ್' ಮತ್ತು ಬೇರೆಯಾಗಿ 'ಆಟೊಸ್ಟಾರ್ಟ್' ಎರಡೂ ಬೇಕು. ವಿವೋದಲ್ಲಿ ಹಿಂಬದಿಯ ಬ್ಯಾಟರಿ ಬಳಕೆಯ ಪುಟದಲ್ಲಿ, ಒಪ್ಪೊ ಮತ್ತು ರಿಯಲ್‌ಮಿಗಳಲ್ಲಿ 'ಅಲೋ ಬ್ಯಾಕ್‌ಗ್ರೌಂಡ್ ಆಕ್ಟಿವಿಟಿ' ಎಂಬಲ್ಲಿ ಅನುಮತಿ ಕೊಡಬೇಕು. ಫೋನ್ ಹೊಸ ಆವೃತ್ತಿಗೆ ಏರಿದಾಗ ಹೆಸರುಗಳು ತುಸು ಬದಲಾಗುತ್ತವೆ. ಹುಡುಕಲು ಸುಲಭದ ದಾರಿ: ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕು ಪಟ್ಟಿಯಲ್ಲಿ ಬ್ಯಾಟರಿ ಎಂದು ಟೈಪಿಸಿ.

ಎಚ್ಚರಿಕೆ ಮೂರು ಇವೆ. ಒಂದು, ಹಾಡಿನ ಆಪ್‌ಗೆ ಮಾತ್ರ ಈ ಅನುಮತಿ ಕೊಡಿ, ಎಲ್ಲ ಆಪ್‌ಗಳಿಗೂ ಕೊಟ್ಟರೆ ಮಧ್ಯಾಹ್ನಕ್ಕೇ ಚಾರ್ಜ್ ಮುಗಿಯುತ್ತದೆ. ಎರಡು, ಫೋನಿನ ಒಟ್ಟಾರೆ 'ಪವರ್ ಸೇವಿಂಗ್' ಆನ್ ಇದ್ದರೆ ಮೇಲಿನ ಅನುಮತಿ ಕೊಟ್ಟೂ ಹಾಡು ನಿಲ್ಲಬಹುದು. ಚಾರ್ಜ್ ಶೇಕಡಾ 20ಕ್ಕೆ ಇಳಿದಾಗ ಅದು ತಾನಾಗಿ ಆನ್ ಆಗುವಂತೆ ಅನೇಕ ಫೋನ್‌ಗಳಲ್ಲಿ ಹೊಂದಿಸಿರುತ್ತಾರೆ. ಮೂರು, ಇತ್ತೀಚಿನ ಆಪ್‌ಗಳ ಪಟ್ಟಿ ತೆರೆದು 'ಕ್ಲಿಯರ್ ಆಲ್' ಒತ್ತುವ ಅಭ್ಯಾಸ ಬಿಡಿ. ಫೋನ್ ಹಗುರಾಗಲಿ ಎಂದು ಮಾಡುವ ಈ ಕೆಲಸ ಹಾಡನ್ನೂ ಕೊಲ್ಲುತ್ತದೆ. ಫೋನಿನ ವೇಗವೂ ಇದರಿಂದ ಹೆಚ್ಚುವುದಿಲ್ಲ. ಬಿಡಲು ಆಗದಿದ್ದರೆ, ಆ ಪಟ್ಟಿಯಲ್ಲಿ ಹಾಡಿನ ಆಪ್ ಅನ್ನು ಒತ್ತಿ ಹಿಡಿದು ಬೀಗದ ಗುರುತು ಹಾಕಿ. ಶಿಯೋಮಿ, ವಿವೋ, ರಿಯಲ್‌ಮಿ ಮುಂತಾದವುಗಳಲ್ಲಿ ಈ ಸೌಲಭ್ಯ ಇದೆ. ಐಫೋನ್‌ನಲ್ಲೂ ಆಪ್ ಅನ್ನು ಮೇಲಕ್ಕೆ ತಳ್ಳಿದರೆ ಹಾಡು ನಿಲ್ಲುತ್ತದೆ.

ಯೂಟ್ಯೂಬ್‌ನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಉಚಿತ ಯೂಟ್ಯೂಬ್ ಆಪ್‌ನಲ್ಲಿ ಪರದೆ ಆರಿಸಿದರೆ ಹಾಡು ನಿಲ್ಲುವುದು ಕಂಪನಿಯದೇ ನಿಯಮ. ಹಿಂಬದಿಯಲ್ಲಿ ಕೇಳುವ ಸೌಲಭ್ಯ ಪ್ರೀಮಿಯಂ ಚಂದಾದಾರರಿಗೆ. ಯಾವ ಬ್ಯಾಟರಿ ಸೆಟ್ಟಿಂಗ್ ಬದಲಿಸಿಯೂ ಪ್ರಯೋಜನವಿಲ್ಲ. ಇದನ್ನು ದಾಟಿಸುತ್ತೇವೆ ಎಂದು ವಾಟ್ಸ್‌ಆ್ಯಪ್, ಟೆಲಿಗ್ರಾಂಗಳಲ್ಲಿ ಓಡಾಡುವ 'ಮಾಡ್' ಆಪ್‌ಗಳನ್ನು ದಯವಿಟ್ಟು ಹಾಕಿಕೊಳ್ಳಬೇಡಿ. ಯಾರೋ ತಿದ್ದಿ ಹಂಚಿದ ಆಪ್ ಅದು. ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕಿನ ಆಪ್ ಇದೆ, ಯುಪಿಐ ಇದೆ.

ದಿನವೂ ಒಂದೇ ಹೊತ್ತಿಗೆ ನಿಲ್ಲುತ್ತದೆಯೇ? ಆಪ್‌ನೊಳಗೆ 'ಸ್ಲೀಪ್ ಟೈಮರ್' ಹಾಕಿದ್ದೀರಾ ನೋಡಿ. 'ಡಿಜಿಟಲ್ ವೆಲ್‌ಬೀಯಿಂಗ್'ನಲ್ಲಿ ಆ ಆಪ್‌ಗೆ ದಿನದ ಮಿತಿ ಇಟ್ಟಿದ್ದರೂ ಹೀಗಾಗುತ್ತದೆ. ಮಕ್ಕಳು ಇಟ್ಟಿರುವುದೂ ಉಂಟು.

ಹಂತ 5: ಹಾಡು ಓಡುತ್ತಿದೆ, ಕೇಳುತ್ತಿಲ್ಲ

ತಂತಿಯ ಇಯರ್‌ಫೋನ್‌ನಿಂದ ಶುರು ಮಾಡೋಣ. ಕೊಳಲು, ತಬಲಾ, ಪಿಟೀಲು ಎಲ್ಲ ಕೇಳಿಸುತ್ತದೆ, ಗಾಯಕರ ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗೆ ಅಥವಾ ಇಲ್ಲವೇ ಇಲ್ಲ ಎಂಬ ದೂರಿಗೆ ಕಾರಣ ಆಪ್ ಅಲ್ಲ, ಪಿನ್ನು. ಪಿನ್ನಿನಲ್ಲಿ ಎಡಗಿವಿಗೆ ಒಂದು, ಬಲಗಿವಿಗೆ ಒಂದು, ಎರಡಕ್ಕೂ ಸೇರಿದ ಮರುದಾರಿ ಒಂದು, ಮೈಕ್‌ಗೆ ಒಂದು ಹೀಗೆ ನಾಲ್ಕು ಲೋಹದ ಪಟ್ಟೆಗಳಿರುತ್ತವೆ. ಆ ಮರುದಾರಿ, ಎಂದರೆ ಗ್ರೌಂಡ್, ಸರಿಯಾಗಿ ಕೂರದಿದ್ದಾಗ ಎಡ ಮತ್ತು ಬಲದ ಸಂಕೇತಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ಹಾಡುವವರ ದನಿಯನ್ನು ಸ್ಟೀರಿಯೊ ಮುದ್ರಣದಲ್ಲಿ ನಡುವೆ ಇಟ್ಟಿರುತ್ತಾರೆ, ಎಂದರೆ ಎರಡೂ ಕಡೆ ಸಮನಾಗಿ. ಆದ್ದರಿಂದ ಅದು ಅಳಿಸಿಹೋಗಿ, ಒಂದೇ ಪಕ್ಕದಲ್ಲಿರುವ ವಾದ್ಯಗಳು ಉಳಿಯುತ್ತವೆ. 1950, 60ರ ದಶಕದ ಮೊನೊ ಚಿತ್ರಗೀತೆಗಳಲ್ಲಿ ಎಡಬಲ ಎರಡೂ ಒಂದೇ ಆಗಿರುವುದರಿಂದ ಇಡೀ ಹಾಡೇ ಪಿಸುಗುಟ್ಟಿದಂತೆ ಆಗಿಬಿಡುತ್ತದೆ.

ಪಿನ್ನನ್ನು ಪೂರ್ತಿ ಒಳಗೆ ಒತ್ತಿ. ಫೋನಿನ ದಪ್ಪ ಕವರು ಅಡ್ಡಬರುತ್ತಿದ್ದರೆ ಕವರು ತೆಗೆದು ನೋಡಿ. ರಂಧ್ರದೊಳಗೆ ಜೇಬಿನ ನೂಲುಪುಡಿ ಸೇರಿರುವುದು ಬಹಳ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ ಬೇಡವೇ ಬೇಡ. ಇನ್ನು, ಇಯರ್‌ಫೋನಿನ ತಂತಿಯ ಮೇಲಿರುವ ಮೈಕ್ ಗುಂಡಿಯನ್ನು ಒತ್ತಿ ಹಿಡಿದಾಗ ಗಾಯಕರ ದನಿ ಥಟ್ಟನೆ ಸರಿಯಾಗಿ ಕೇಳಿದರೆ, ಆ ಇಯರ್‌ಫೋನಿನಲ್ಲಿ ಮೈಕ್ ಮತ್ತು ಗ್ರೌಂಡ್ ಪಟ್ಟೆಗಳ ಜಾಗ ಅದಲುಬದಲಾಗಿದೆ. ಹಳೆಯ ಫೋನುಗಳ ಜೊತೆ ಬಂದವುಗಳಲ್ಲಿ ಹೀಗಿರುತ್ತದೆ. ರಿಪೇರಿಗೆ ದುಡ್ಡು ಹಾಕುವುದಕ್ಕಿಂತ ಬೇರೆಯದನ್ನು ಕೊಳ್ಳುವುದು ಮೇಲು.

ದುಂಡು ರಂಧ್ರವೇ ಇಲ್ಲದ ಫೋನ್‌ಗಳಿಗೆ ಟೈಪ್ ಸಿ ಕಿರುತಂತಿ ಬಳಸುತ್ತೇವೆ. ಇವುಗಳಲ್ಲಿ ಎರಡು ಬಗೆ. ಒಂದರೊಳಗೆ ಅಂಕಿಗಳನ್ನು ದನಿಯಾಗಿ ಪರಿವರ್ತಿಸುವ ಡ್ಯಾಕ್ ಎಂಬ ಚಿಪ್ ಇರುತ್ತದೆ, ಇನ್ನೊಂದು ಬರೀ ತಂತಿ. ಚಿಪ್ ಬೇಡುವ ಫೋನಿಗೆ ಬರೀ ತಂತಿ ಹಾಕಿದರೆ ಸದ್ದೇ ಬರುವುದಿಲ್ಲ. ಅಂಗಡಿಯಲ್ಲಿ ನಿಮ್ಮ ಫೋನಿಗೆ ಹಾಕಿ ಕೇಳಿಯೇ ಕೊಳ್ಳಿ.

ಬ್ಲೂಟೂತ್‌ನದು ಬೇರೆ ಕತೆ. ಕರೆ ಬಂದರೆ ಇಯರ್‌ಬಡ್‌ನಲ್ಲೋ ಕಾರಿನಲ್ಲೋ ಕೇಳಿಸುತ್ತದೆ, ಹಾಡು ಮಾತ್ರ ಫೋನಿನಿಂದಲೇ ಬರುತ್ತದೆ ಎಂದರೆ ಬ್ಲೂಟೂತ್ ಪುಟದಲ್ಲಿ ಆ ಸಾಧನದ ಪಕ್ಕದ ಗಾಲಿ ಚಿಹ್ನೆ ಒತ್ತಿ. ಅಲ್ಲಿ 'ಕಾಲ್ಸ್' ಮತ್ತು 'ಮೀಡಿಯಾ ಆಡಿಯೊ' ಎಂದು ಎರಡು ಗುಂಡಿಗಳಿರುತ್ತವೆ. ಎರಡನೆಯದು ಆರಿರುತ್ತದೆ; ಆನ್ ಮಾಡಿದರೆ ಸಮಸ್ಯೆ ಅಲ್ಲಿಗೆ ಮುಗಿಯಿತು.

ಹಾಡು ಚೂರುಚೂರಾಗಿ ಬರುತ್ತಿದ್ದರೆ ಮೊದಲು ಫೋನನ್ನು ಇಯರ್‌ಬಡ್‌ಗೆ ಹತ್ತಿರ ತನ್ನಿ. ಬ್ಲೂಟೂತ್‌ನ ಅಲೆ 2.4 ಗಿಗಾಹರ್ಟ್ಸ್‌ನದು, ನಮ್ಮ ಮೈಯ ನೀರಿನಂಶ ಅದನ್ನು ಹೀರಿಕೊಳ್ಳುತ್ತದೆ, ಹಿಂದಿನ ಜೇಬಿನಲ್ಲಿ ಫೋನಿಟ್ಟು ನಡೆಯುವಾಗ ಕಡಿಯುವುದು ಇದರಿಂದ. ಮನೆಯ ವೈಫೈಯೂ 2.4ರಲ್ಲೇ ಇದ್ದರೆ ಎರಡಕ್ಕೂ ಒಂದೇ ದಾರಿಯಲ್ಲಿ ತಿಕ್ಕಾಟ. ರೌಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಫೋನನ್ನು ಅದಕ್ಕೆ ಸೇರಿಸಿ. ನಿಮ್ಮ ಇಯರ್‌ಫೋನ್ ಎಲ್‌ಡಿಎಸಿ ಎಂಬ ಹೆಚ್ಚು ಗುಣಮಟ್ಟದ ವಿಧಾನದಲ್ಲಿ ಕೆಲಸ ಮಾಡುವುದಾದರೆ, ಅದು 990 ಕೆಬಿಪಿಎಸ್‌ವರೆಗೆ ಹರಿಸಲು ಹೆಣಗುತ್ತದೆ. ಜನಜಂಗುಳಿಯ ಬಸ್ ನಿಲ್ದಾಣದಲ್ಲಿ ಅದು ಆಗದ ಮಾತು. ಬ್ಲೂಟೂತ್ ಪುಟದಲ್ಲಿ ಎಲ್‌ಡಿಎಸಿ ಆಫ್ ಮಾಡಿ ಕೇಳಿ.

ಇಷ್ಟಾದರೂ ಸರಿಹೋಗದಿದ್ದರೆ ಆ ಸಾಧನವನ್ನು 'ಫರ್ಗೆಟ್' ಮಾಡಿ ಹೊಸದಾಗಿ ಜೋಡಿಸಿ. ಅದಕ್ಕೆ ಮುನ್ನ ಮನೆಯ ಲ್ಯಾಪ್‌ಟಾಪ್, ಟಿವಿಗಳು ಆ ಇಯರ್‌ಬಡ್‌ಗೆ ಅಂಟಿಕೊಂಡಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಒಂದು ಕಿವಿಯಲ್ಲಿ ಮಾತ್ರ ಸಣ್ಣದಾಗಿ ಕೇಳಿದರೆ 'ಆಕ್ಸೆಸಿಬಿಲಿಟಿ' ಪುಟದಲ್ಲಿ ಎಡಬಲದ ಸಮತೋಲನದ ಗುಂಡಿ ಒಂದು ಪಕ್ಕಕ್ಕೆ ಸರಿದಿದೆಯೇ ನೋಡಿ. ಇಯರ್‌ಬಡ್ ಕಿವಿಯಲ್ಲಿ ತುಸು ಜಾರಿದೊಡನೆ ಹಾಡು ನಿಲ್ಲುತ್ತಿದ್ದರೆ, ಕಿವಿಯಲ್ಲಿದೆಯೇ ಎಂದು ತಿಳಿಯುವ ಅದರ ಸಂವೇದಕ ಕೆಲಸ ಮಾಡುತ್ತಿದೆ. ಇಯರ್‌ಬಡ್‌ನ ಆಪ್‌ನಲ್ಲಿ ಅದನ್ನು ಆಫ್ ಮಾಡಬಹುದು.

ಹಂತ 6: ಆಪ್‌ನೊಳಗಿನ ಕಸ ತೆಗೆಯುವುದು

ಆಪ್ ಇನ್ಫೊ ಪುಟದಲ್ಲಿ 'ಸ್ಟೋರೇಜ್' ಒತ್ತಿದರೆ ಎರಡು ಗುಂಡಿಗಳು ಅಕ್ಕಪಕ್ಕ ಕಾಣುತ್ತವೆ. 'ಕ್ಲಿಯರ್ ಕ್ಯಾಶ್' ಒತ್ತಿ. ಕ್ಯಾಶ್ ಎಂದರೆ ಮತ್ತೆ ಬೇಕಾದೀತು ಎಂದು ಆಪ್ ಎತ್ತಿಟ್ಟುಕೊಂಡ ತಾತ್ಕಾಲಿಕ ತುಣುಕುಗಳು. ಅದರಲ್ಲಿ ಒಂದು ಕೆಟ್ಟರೂ ಹಾಡು ಅದೇ ಜಾಗದಲ್ಲಿ ಮುಗ್ಗರಿಸುತ್ತದೆ. ಅಳಿಸಿದರೆ ನಷ್ಟವಿಲ್ಲ.

ಎಚ್ಚರಿಕೆ: ಪಕ್ಕದಲ್ಲೇ ಇರುವ 'ಕ್ಲಿಯರ್ ಡೇಟಾ' ಅಥವಾ 'ಕ್ಲಿಯರ್ ಸ್ಟೋರೇಜ್' ಅಪಾಯಕಾರಿ. ಅದನ್ನು ಒತ್ತಿದರೆ ಖಾತೆಯಿಂದ ಹೊರಬೀಳುತ್ತೀರಿ, ಡೌನ್‌ಲೋಡ್‌ಗಳೂ ಹೋಗುತ್ತವೆ. ಓದದೆ ಒತ್ತಬೇಡಿ.

ಐಫೋನ್‌ನಲ್ಲಿ ಹೊರಗಿನಿಂದ ಕ್ಯಾಶ್ ಅಳಿಸುವ ಗುಂಡಿ ಇಲ್ಲ; ಸ್ಪಾಟಿಫೈಯಂಥ ಆಪ್‌ಗಳಲ್ಲಿ ಅದರದೇ ಸೆಟ್ಟಿಂಗ್ಸ್‌ನೊಳಗೆ ಇರುತ್ತದೆ. ಫೋನಿನಲ್ಲಿ ಕನಿಷ್ಠ ಒಂದು ಜಿಬಿ ಜಾಗ ಖಾಲಿ ಇಡಿ. ಹಾಡುಗಳನ್ನು ಎಸ್‌ಡಿ ಕಾರ್ಡಿಗೆ ಇಳಿಸಿಕೊಂಡಿದ್ದು, ಅವು ಆಗಾಗ ಮಾಯವಾಗುತ್ತಿದ್ದರೆ ಕಾರ್ಡ್ ಸಾಯುತ್ತಿರಬಹುದು. ಫೋನಿನ ಒಳಸಂಗ್ರಹಕ್ಕೆ ಬದಲಿಸಿ. ಆಪ್ ಸ್ಟೋರಿನಲ್ಲಿ ಹೊಸ ಆವೃತ್ತಿ ಬಂದಿದ್ದರೆ ಹಾಕಿಕೊಳ್ಳಿ.

ಫೋನಿನ ದಿನಾಂಕ ಮತ್ತು ಸಮಯ 'ಆಟೊಮ್ಯಾಟಿಕ್' ಆಗಿದೆಯೇ ಎಂದೂ ನೋಡಿ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರ ಹೊಂದಿಕೆಯಾಗದೆ ಆಪ್‌ಗೆ ನೆಟ್ ಇದ್ದೂ ಇಲ್ಲದಂತಾಗುತ್ತದೆ.

ಹಂತ 7: ಖಾತೆ, ಚಂದಾ, ಹಕ್ಕು

ಬೂದು ಬಣ್ಣದ ಹಾಡುಗಳ ವಿಷಯದಲ್ಲಿ ನೀವು ಮಾಡಬಹುದಾದದ್ದು ಕಡಿಮೆ. ಧ್ವನಿಮುದ್ರಣದ ಹಕ್ಕು ಆಡಿಯೊ ಕಂಪನಿಗಳದು. ಆಪ್‌ನೊಂದಿಗಿನ ಒಪ್ಪಂದ ಮುಗಿದಾಗ ಹಾಡು ತೆರೆಮರೆಗೆ ಸರಿಯುತ್ತದೆ; ಕೆಲವು ದೇಶಗಳಿಗೆ ಮಾತ್ರ ಹಕ್ಕು ಕೊಟ್ಟಿರುವುದೂ ಉಂಟು. ಅದೇ ಹಾಡು ಬೇರೊಂದು ಸಂಗ್ರಹದ ಹೆಸರಿನಲ್ಲಿ ಅಲ್ಲೇ ಇರುತ್ತದೆ ಎಷ್ಟೋ ಸಲ. ಚಿತ್ರದ ಹೆಸರಿನಿಂದ ಹುಡುಕಿ, ಗಾಯಕರ ಹೆಸರಿನಿಂದ ಹುಡುಕಿ, ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹುಡುಕಿ.

ಹೊರದೇಶಕ್ಕೆ ಹೋದ ಕನ್ನಡಿಗರು ಗಮನಿಸಿ: ಸ್ಪಾಟಿಫೈಯ ಉಚಿತ ಖಾತೆಯನ್ನು ಬೇರೆ ದೇಶದಲ್ಲಿ 14 ದಿನ ಮಾತ್ರ ಬಳಸಬಹುದು, ಆಮೇಲೆ ಖಾತೆಯಲ್ಲಿ ದೇಶ ಬದಲಿಸಬೇಕು. ಮಗಳ ಮನೆಗೆಂದು ಅಮೆರಿಕಕ್ಕೋ ದುಬೈಗೋ ಹೋದ ತಂದೆತಾಯಿಗಳ ಫೋನಿನಲ್ಲಿ ಎರಡು ವಾರಕ್ಕೆ ಹಾಡು ನಿಲ್ಲುವುದು ಇದರಿಂದ.

ಡೌನ್‌ಲೋಡ್‌ಗಳು ಒಮ್ಮೆಲೇ ಮಾಯವಾದರೆ ಚಂದಾ ಮುಗಿದಿದೆಯೇ ಎಂದು ನೋಡಿ. ತಿಂಗಳ ಹಣ ತಾನಾಗಿ ಕಡಿತವಾಗುವ ಮುನ್ನ, ರಿಸರ್ವ್ ಬ್ಯಾಂಕಿನ ನಿಯಮದಂತೆ, ಕನಿಷ್ಠ 24 ಗಂಟೆ ಮೊದಲು ತಿಳಿವಳಿಕೆ ಬರುತ್ತದೆ. ಖಾತೆಯಲ್ಲಿ ಹಣ ಇಲ್ಲದಿದ್ದರೆ, ಕಾರ್ಡ್ ಬದಲಾಗಿದ್ದರೆ, ಯುಪಿಐ ಆಪ್‌ನಲ್ಲಿ ಆಟೊಪೇ ರದ್ದಾಗಿದ್ದರೆ ಚಂದಾ ನಿಲ್ಲುತ್ತದೆ. ಯುಪಿಐ ಆಪ್‌ನ ಆಟೊಪೇ ಪಟ್ಟಿಯಲ್ಲಿ ನಿಮ್ಮ ಹಾಡಿನ ಆಪ್‌ನ ಹೆಸರು ಇದೆಯೇ ನೋಡಿದರೆ ತಿಳಿಯುತ್ತದೆ. ಚಂದಾ ಇದ್ದೂ ಹಾಡುಗಳು ಹೋಗಿದ್ದರೆ ಸ್ಪಾಟಿಫೈಯಲ್ಲಿ ಇನ್ನೆರಡು ನಿಯಮ: 30 ದಿನಕ್ಕೊಮ್ಮೆಯಾದರೂ ನೆಟ್‌ಗೆ ಬರಬೇಕು, ಒಂದು ಖಾತೆಯಿಂದ 5 ಸಾಧನಗಳಿಗೆ ಮಾತ್ರ ಡೌನ್‌ಲೋಡ್. ಆರನೆಯ ಫೋನಿನಲ್ಲಿ ಇಳಿಸಿಕೊಂಡರೆ ಹಳೆಯ ಒಂದರಿಂದ ಅಳಿಯುತ್ತವೆ.

ಒಂದೇ ಖಾತೆಯನ್ನು ಮನೆಮಂದಿಯೆಲ್ಲ ಬಳಸುತ್ತಿದ್ದರೆ, ಮಗ ಕಾಲೇಜಿನಲ್ಲಿ ಹಾಡು ಹಾಕಿದಾಗ ಅಡುಗೆಮನೆಯಲ್ಲಿ ಅಮ್ಮನ ಹಾಡು ನಿಲ್ಲುತ್ತದೆ. ಅಪರಿಚಿತ ಸಾಧನದ ಹೆಸರು ಕಂಡರೆ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಹೊರಬರುವ ಆಯ್ಕೆ ಒತ್ತಿ.

ಹಂತ 8: ಅಳಿಸಿ ಮತ್ತೆ ಹಾಕಿಕೊಳ್ಳುವುದು, ನೆರವು ಕೇಳುವುದು

ಇಲ್ಲಿಯವರೆಗಿನ ಯಾವುದೂ ಫಲಿಸದಿದ್ದರೆ ಈಗ ಆಪ್ ಅಳಿಸಿ. ಆರಂಭದಲ್ಲಿ ಬರೆದಿಟ್ಟ ಖಾತೆಯ ವಿವರ ಕೈಯಲ್ಲಿರಲಿ, ವೈಫೈ ಇರಲಿ. ನೀವು ಮಾಡಿಕೊಂಡ ಹಾಡುಪಟ್ಟಿಗಳು ಖಾತೆಯಲ್ಲೇ ಉಳಿದಿರುವುದರಿಂದ ಮರಳಿ ಬರುತ್ತವೆ. ಹಾಡುಗಳನ್ನು ಮಾತ್ರ ಹೊಸದಾಗಿ ಇಳಿಸಿಕೊಳ್ಳಬೇಕು. ಹೊಸದಾಗಿ ಹಾಕಿದ ಆಪ್‌ಗೆ ಹಂತ 4ರ ಬ್ಯಾಟರಿ ಅನುಮತಿಯನ್ನು ಮತ್ತೊಮ್ಮೆ ಕೊಡಲು ಮರೆಯಬೇಡಿ, ಅಳಿಸಿದಾಗ ಅದೂ ಹೋಗಿರುತ್ತದೆ.

ಆಗಲೂ ಸರಿಯಾಗದಿದ್ದರೆ ಆಪ್‌ನೊಳಗಿನ 'ಹೆಲ್ಪ್' ವಿಭಾಗದಿಂದ ಬರೆಯಿರಿ. "ಹಾಡು ಬರುತ್ತಿಲ್ಲ" ಎಂದಷ್ಟೇ ಬರೆದರೆ ಸಿದ್ಧ ಉತ್ತರ ಬರುತ್ತದೆ. ಫೋನಿನ ಮಾದರಿ, ಆಂಡ್ರಾಯ್ಡ್ ಅಥವಾ ಐಒಎಸ್ ಆವೃತ್ತಿ, ಆಪ್‌ನ ಆವೃತ್ತಿ, ನಿಲ್ಲುವ ರೀತಿ, ನೀವು ಈಗಾಗಲೇ ಮಾಡಿ ನೋಡಿದ ಹಂತಗಳು ಇಷ್ಟನ್ನೂ ಬರೆಯಿರಿ.

ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಸಂಖ್ಯೆ ಹುಡುಕಿ ಕರೆ ಮಾಡಬೇಡಿ. ಹಾಗೆ ಸಿಗುವ ಸಂಖ್ಯೆಗಳಲ್ಲಿ ವಂಚಕರದು ಸೇರಿರುತ್ತವೆ. ಚಂದಾ ಹಣ ಮರಳಿಸುತ್ತೇವೆ ಎಂದು ಹೇಳಿ, ಪರದೆ ಹಂಚುವ ಆಪ್ ಹಾಕಿಸಿ, ಒಟಿಪಿ ಕೇಳುತ್ತಾರೆ. ಹಾಡಿನ ಆಪ್ ಸರಿಮಾಡಲು ಯಾರಿಗೂ ನಿಮ್ಮ ಯುಪಿಐ ಪಿನ್ ಬೇಕಾಗಿಲ್ಲ. ಹಣ ಹೋಗಿಯೇಬಿಟ್ಟಿದ್ದರೆ ನಾಳೆಗೆ ಎಂದು ಕಾಯದೆ ಆ ಕ್ಷಣವೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.